ನಿಲ್ಲುವ ವಿದ್ಯೆ

ಮೋಟಾರುಗಾಡಿ ಕೊಳ್ಳಹೊರಟವರು ಮೊದಲು ಕೇಳುವ ಪ್ರಶ್ನೆ, “ಎಷ್ಟು ವೇಗವಾಗಿ ಓಡುತ್ತದೆ?” ಎಂಬುದು. ಎರಡನೆಯದು, “ಲೀಟರಿಗೆ ಎಷ್ಟು ಕಿಲೋಮೀಟರು ಕೊಡುತ್ತದೆ?” ಎಂಬುದು. ಮೂರನೆಯದು ಬಣ್ಣದ ವಿಷಯ. ಅದರಲ್ಲಿ ಮನೆಮಂದಿಗೆಲ್ಲ ಮತಾಧಿಕಾರವಿದೆ. “ಬೇಕೆಂದ ಕಡೆ ನಿಲ್ಲುತ್ತದೆಯೆ?” ಎಂದು ಕೇಳಿದವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ. ನಿಲ್ಲುವುದೇನು ಮಹಾ, ಕಾಲಿಟ್ಟರೆ ನಿಲ್ಲುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ಆ ನಂಬಿಕೆಯ ಮೇಲೆಯೇ ಹೆಂಡತಿ ಮಕ್ಕಳನ್ನೂ ವಯಸ್ಸಾದ ತಾಯಿತಂದೆಗಳನ್ನೂ ಕೂರಿಸಿಕೊಂಡು ಘಾಟಿ ಇಳಿಯುತ್ತೇವೆ.

ಕಳೆದ ಸಂಚಿಕೆಯಲ್ಲಿ ಹೊಲಿಗೆಯ ಯಂತ್ರದ ಆರೈಕೆಯ ಬಗ್ಗೆ ಬರೆದುದನ್ನು ಓದಿದ ಹಿರಿಯ ಸದಸ್ಯರೊಬ್ಬರು, ಸಂಘದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತರು. “ಹೊಲಿಗೆಯ ಯಂತ್ರ ಹಾಗಿರಲಿ ಮಾರಾಯರೆ, ನಮ್ಮ ತಂದೆಯವರ ಕಾಲದ ಫಿಯೆಟ್ ಇದೆ. ಅದರ ಡ್ರಮ್ ಬ್ರೇಕು ತೆಗೆಸಿ ಡಿಸ್ಕ್ ಬ್ರೇಕು ಹಾಕಿಸಬೇಕೆಂದು ಮಗ ಹಟ ಹಿಡಿದಿದ್ದಾನೆ. ಹಾಕಿಸಬಹುದೋ, ಬಾರದೋ?” ಎಂದು ಕೇಳಿದರು. ಪಾಯಸ ಬಡಿಸುವುದರೊಳಗೆ ಮುಗಿಸಬಹುದಾದ ಉತ್ತರವಲ್ಲ ಅದು. ಆದಕಾರಣ ಈ ಸಲದ ಪುಟಗಳನ್ನು ಅವರಿಗೂ, ಅವರಂತೆಯೇ ಹಳೆಯ ಗಾಡಿಯೊಂದನ್ನು ಮನೆಯ ಮಗುವಿನಂತೆ ಸಾಕಿಕೊಂಡಿರುವ ಇತರ ಬಂಧುಗಳಿಗೂ ಮೀಸಲಿಟ್ಟಿದ್ದೇನೆ. ನಾನು ಸರಕಾರಿ ಕಚೇರಿಯ ಗುಮಾಸ್ತ, ಓದಿದ್ದು ಬಿ.ಎ. ಯಂತ್ರವಿದ್ಯೆಯಲ್ಲಿ ನನಗಿರುವ ಅರ್ಹತೆಯೆಂದರೆ ಸೋದರಮಾವನವರ ಫಿಯೆಟ್ಟಿನ ಕೆಳಗೆ ಟಾರ್ಚು ಹಿಡಿದು ಕಳೆದ ಹಲವಾರು ಭಾನುವಾರಗಳು. ಅಲ್ಲಿ ಕಲಿತದ್ದನ್ನೇ ಇಲ್ಲಿ ಹೇಳುತ್ತೇನೆ.

ಮುಂಬಯಿಯಲ್ಲಿ ನೆಲೆಸಿದವರಿಗೆ ಈ ಗಾಡಿಯ ಪರಿಚಯ ಬೇಕಾಗಿಲ್ಲ. ಇಟಲಿಯ ಫಿಯೆಟ್ 1100 ಗಾಡಿಯನ್ನು ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರಖಾನೆ ಇಲ್ಲಿ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂತು. 1089 ಸಿ.ಸಿ. ಎಂಜಿನ್ನು, ಸುಮಾರು 900 ಕಿಲೋ ತೂಕ, ಸ್ಟಿಯರಿಂಗಿನ ಪಕ್ಕದಲ್ಲಿಯೇ ಗೇರಿನ ಹಿಡಿ. ಕಪ್ಪು ಹಳದಿ ಬಣ್ಣ ಬಳಿದುಕೊಂಡು ಈ ನಗರವನ್ನು ಅದು ದಶಕಗಳ ಕಾಲ ಹೊತ್ತು ತಿರುಗಿತು. ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷದ ಮಿತಿ ಇದ್ದುದರಿಂದ, 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿಗೆ ರಸ್ತೆಯನ್ನು ಬಿಟ್ಟಿತು. ಈಗ ಉಳಿದಿರುವವು ನಮ್ಮ ಮಾವನಂಥವರ ಮನೆಯಂಗಳದಲ್ಲಿ, ಬಟ್ಟೆಯ ಹೊದಿಕೆ ಹೊದ್ದು ಕುಳಿತಿರುವ ಗಾಡಿಗಳು. ಮಾವನವರದು 1974ರ ಗಾಡಿ. ಅದರ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕೇ. ಇಟಲಿಯಲ್ಲಿ 1966ರಲ್ಲಿ ಬಂದ 1100 ಆರ್ ಎಂಬ ಮಾದರಿಯ ಮುಂದಿನ ಚಕ್ರಗಳಿಗೆ ಡಿಸ್ಕು ಬಂತು. ನಮ್ಮ ದೇಶದಲ್ಲಿ ಅದಕ್ಕೂ ಹಿಂದಿನ 1100 ಡಿ ಮಾದರಿಯೇ ಮುಂದುವರಿಯಿತು.

ಮೊದಲು ಡ್ರಮ್ ಬ್ರೇಕು ಎಂದರೇನೆಂದು ತಿಳಿಯೋಣ. ಚಕ್ರದ ಜೊತೆಗೇ ತಿರುಗುವ ಬೀಡುಕಬ್ಬಿಣದ ಅಗಲವಾದ ಡಬ್ಬಿಯೊಂದನ್ನು ಕಲ್ಪಿಸಿಕೊಳ್ಳಿ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳು. ಅವುಗಳ ಬೆನ್ನಿಗೆ ಲೈನರ್. ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲಿನ ಒತ್ತಡ ಕೊಳವೆಗಳ ಮೂಲಕ ಚಕ್ರದ ಬಳಿಯಿರುವ ಪುಟ್ಟ ಸಿಲಿಂಡರಿಗೆ ಮುಟ್ಟಿ, ಶೂಗಳನ್ನು ಹೊರಕ್ಕೆ ದೂಡುತ್ತದೆ. ಅವು ಡ್ರಮ್ಮಿನ ಒಳಮೈಗೆ ಒತ್ತಿಕೊಂಡು ಚಕ್ರವನ್ನು ತಡೆಯುತ್ತವೆ. ಇದರಲ್ಲಿ ಒಂದು ಚಮತ್ಕಾರವಿದೆ. ತಿರುಗುವ ಡ್ರಮ್ಮು ಎರಡು ಶೂಗಳಲ್ಲಿ ಒಂದನ್ನು ತಾನೇ ಎಳೆದು ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಬಾಗಿಲಿನ ಕೆಳಗೆ ಮರದ ಬೆಣೆ ಸಿಕ್ಕಿಸಿದರೆ, ಬಾಗಿಲು ದೂಡಿದಷ್ಟೂ ಬೆಣೆ ಬಿಗಿಯುತ್ತದಲ್ಲ, ಹಾಗೆ. ಆದ್ದರಿಂದಲೇ ಡ್ರಮ್ ಬ್ರೇಕಿನ ಗಾಡಿಗೆ ಕಾಲಿನ ಬಲ ಕಡಿಮೆ ಸಾಕು. ಮಾವನವರ ಫಿಯೆಟ್ಟಿಗೆ ಬೂಸ್ಟರಿನ ಸಹಾಯವಿಲ್ಲದೆಯೇ ಐವತ್ತು ವರ್ಷ ಕಳೆದದ್ದು ಈ ಬೆಣೆಯ ಕೃಪೆಯಿಂದ.

ಹಾಗಾದರೆ ತೊಂದರೆ ಎಲ್ಲಿ? ತೊಂದರೆ ಇರುವುದು ಕಾವಿನಲ್ಲಿ. ಓಡುವ ಗಾಡಿಯನ್ನು ನಿಲ್ಲಿಸುವುದೆಂದರೆ ಅದರ ಓಟದ ಶಕ್ತಿಯನ್ನೆಲ್ಲ ಕಾವಾಗಿ ಮಾರ್ಪಡಿಸುವುದು. ಗಾಡಿ, ಅದರೊಳಗೆ ಐದು ಜನ, ಪೆಟ್ಟಿಗೆ ಗಂಟುಗಳು ಎಲ್ಲ ಸೇರಿ 1250 ಕಿಲೋ ತೂಕವೆಂದು ಇಟ್ಟುಕೊಳ್ಳಿ. ಗಂಟೆಗೆ 60 ಕಿಲೋಮೀಟರು ವೇಗದಿಂದ ಒಂದು ಸಲ ನಿಲ್ಲಿಸಿದರೆ ಹುಟ್ಟುವ ಕಾವು, ಅರ್ಧ ಲೀಟರಿಗಿಂತ ತುಸು ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಅಂದರೆ ನಾಲ್ಕು ಜನರ ಕಾಫಿಯ ನೀರು. ವೇಗ ಇಮ್ಮಡಿಯಾದರೆ ಕಾವು ನಾಲ್ಮಡಿಯಾಗುತ್ತದೆ. ಇನ್ನು ಘಾಟಿಯ ಲೆಕ್ಕ ನೋಡಿ. ಇದೇ ಗಾಡಿ ನಾನೂರು ಮೀಟರು ಎತ್ತರದಿಂದ ಕೆಳಗಿಳಿಯುವಾಗ ಅದನ್ನು ಬರಿಯ ಬ್ರೇಕಿನಿಂದಲೇ ತಡೆದು ಹಿಡಿದರೆ, ಹದಿನಾರು ಲೀಟರಿಗೂ ಹೆಚ್ಚು ನೀರನ್ನು ಕುದಿಬಿಂದುವಿಗೆ ಮುಟ್ಟಿಸುವ ಕಾವು ಹುಟ್ಟುತ್ತದೆ. ಊರಿನ ಬಚ್ಚಲೊಲೆಗೆ ಸೌದೆ ಒಟ್ಟಿ ಮಾಡಿಸುವ ಕೆಲಸವನ್ನು ನಾವು ನಾಲ್ಕು ಡಬ್ಬಿಗಳಿಗೆ ವಹಿಸಿದಂತಾಯಿತು.

ಡಬ್ಬಿ ಮುಚ್ಚಿದ್ದಾದ್ದರಿಂದ ಕಾವು ಬೇಗ ಹೊರಗೆ ಹೋಗಲಾರದು. ಕಾದ ಡ್ರಮ್ಮು ಹಿಗ್ಗುತ್ತದೆ. ಹಿಗ್ಗಿದಾಗ ಅದರ ಒಳಮೈ ಶೂಗಳಿಂದ ದೂರ ಸರಿಯುತ್ತದೆ. ಪೆಡಲು ಮೊದಲಿಗಿಂತ ಆಳಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಅತಿಯಾಗಿ ಕಾದ ಲೈನರು ತನ್ನ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಇವೆರಡರ ಮೇಲೆ ಮೂರನೆಯದು ಬ್ರೇಕ್ ಆಯಿಲಿನ ಅವಸ್ಥೆ. ಈ ಆಯಿಲು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ‘ಡಾಟ್ 3’ ಎಂಬ ದರ್ಜೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಹೀರಿದ ಮೇಲೆ ಅದೇ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ಆಯಿಲು ಒತ್ತಿದರೆ ಕುಗ್ಗದು, ಗುಳ್ಳೆ ಕುಗ್ಗುತ್ತದೆ. ಆಗ ಪೆಡಲು ಯಾವ ಪ್ರತಿಭಟನೆಯನ್ನೂ ಮಾಡದೆ ನೆಲ ಮುಟ್ಟುತ್ತದೆ.

ಇದು ಪುಸ್ತಕದ ಮಾತಲ್ಲ. 2009ರ ಸುಮಾರಿಗೆ, ಅದಿರಿನ ಲಾರಿಗಳು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಇಳಿಯುತ್ತಿದ್ದ ಕಾಲದಲ್ಲಿ, ನಾವು ಯಲ್ಲಾಪುರ ದಾಟಿ ಅರಬೈಲ್ ಘಾಟಿಯಲ್ಲಿ ಅಂಕೋಲೆಯ ಕಡೆಗೆ ಇಳಿಯುತ್ತಿದ್ದೆವು. ಮುಂದೆ ಲಾರಿ, ಹಿಂದೆ ಲಾರಿ; ಮಾವನವರ ಕಾಲು ಬ್ರೇಕಿನಿಂದ ಏಳುವಂತಿರಲಿಲ್ಲ. ಕೆಳಗಿನ ತಿರುವುಗಳು ಬರುವ ಹೊತ್ತಿಗೆ ಸುಟ್ಟ ವಾಸನೆ ಬಂತು. ಮರುಕ್ಷಣವೇ ಮಾವ ಮಾತು ನಿಲ್ಲಿಸಿದರು. ಗೇರನ್ನು ಎರಡಕ್ಕೆ ಇಳಿಸಿ, ಹ್ಯಾಂಡ್ ಬ್ರೇಕು ಎಳೆಯುತ್ತ, ಗಾಡಿಯ ಎಡಗಡೆಯ ಚಕ್ರಗಳನ್ನು ಗುಡ್ಡದ ಬದಿಯ ಚರಂಡಿಗೆ ಇಳಿಸಿಬಿಟ್ಟರು. ಗಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನಮಗೆ ನಡೆದದ್ದೇನೆಂದು ತಿಳಿದದ್ದು, ಚಹಾ ಕುಡಿಯಲು ಕೂತಾಗ ಮಾವನವರ ಕೈಯಲ್ಲಿನ ಕಪ್ಪು ಬಸಿಗಳು ಸದ್ದು ಮಾಡಿದ ಮೇಲೆ. ಅಂದಿನಿಂದ ಅತ್ತೆಯವರು ಘಾಟಿಯ ತಲೆಗೆ ಬಂದೊಡನೆ ಮಾತನಾಡುವುದನ್ನು ಬಿಟ್ಟು ಕಣ್ಣು ಮುಚ್ಚಿ ಕುಳಿತುಬಿಡುತ್ತಾರೆ.

ಈಗ ಡಿಸ್ಕಿಗೆ ಬರೋಣ. ಡಿಸ್ಕೆಂದರೆ ಚಕ್ರದ ಜೊತೆಗೆ ಬಯಲಿನಲ್ಲಿ ತಿರುಗುವ ಕಬ್ಬಿಣದ ತಟ್ಟೆ. ಕ್ಯಾಲಿಪರೆಂಬ ಇಕ್ಕಳ ಆ ತಟ್ಟೆಯನ್ನು ಎರಡೂ ಮಗ್ಗುಲಿನಿಂದ ಪ್ಯಾಡುಗಳ ನಡುವೆ ಅದುಮುತ್ತದೆ. ಸೈಕಲಿನ ಬ್ರೇಕು ರಿಮ್ಮನ್ನು ಹಿಡಿಯುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಲೋಟದ ಕಾಫಿಗಿಂತ ಬಸಿಗೆ ಸುರಿದ ಕಾಫಿ ಬೇಗ ಆರುವಂತೆ, ತೆರೆದ ತಟ್ಟೆ ಗಾಳಿಗೆ ಬೇಗ ತಣಿಯುತ್ತದೆ. ಕಾದು ಹಿಗ್ಗಿದರೂ ಪ್ಯಾಡುಗಳಿಂದ ದೂರ ಓಡುವುದಿಲ್ಲ. ಮಳೆಯ ನೀರು ಒಳಗೆ ನಿಲ್ಲದೆ ಸಿಡಿದು ಹೋಗುತ್ತದೆ.

ಇದು ಹೊಸ ಉಪಾಯವೂ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಮಹಾಶಯರು 1902ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಅವರು ತಾಮ್ರದಿಂದ ತಟ್ಟೆಯನ್ನು ಹಿಡಿಸುತ್ತಿದ್ದರು. ಆ ಕಾಲದ ಧೂಳು ರಸ್ತೆಗಳಲ್ಲಿ ತಾಮ್ರ ಬೇಗ ಸವೆದು ಹೋಗುತ್ತಿತ್ತು. ಉಪಾಯ ಅರ್ಧ ಶತಮಾನ ಕಡತದಲ್ಲಿ ಮಲಗಿತು. 1953ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ನಡೆದ 24 ಗಂಟೆಗಳ ಪಂದ್ಯವನ್ನು ಡನ್‌ಲಪ್ ಕಂಪನಿಯ ಡಿಸ್ಕ್ ಬ್ರೇಕು ತೊಟ್ಟ ಜಾಗ್ವಾರ್ ಗಾಡಿ ಗೆದ್ದಾಗ ಲೋಕದ ಕಣ್ಣು ತೆರೆಯಿತು. ಎದುರಾಳಿಗಳು ತಿರುವಿಗೆ ಬಹಳ ಮುಂಚೆಯೇ ಬ್ರೇಕು ಹಿಡಿಯಬೇಕಾಗಿದ್ದಲ್ಲಿ ಇವರು ಇನ್ನಷ್ಟು ದೂರ ಓಡಿ ಹಿಡಿಯಬಹುದಾಗಿತ್ತು. ಅದೂ ಗಂಟೆಗಟ್ಟಲೆ, ಬ್ರೇಕು ಸೋಲದೆ. 1955ರಲ್ಲಿ ಸಿಟ್ರೋಯೆನ್ ಡಿ.ಎಸ್. ಗಾಡಿ ಮುಂದಿನ ಡಿಸ್ಕನ್ನು ಸಾಮಾನ್ಯ ಗಿರಾಕಿಗಳ ಮನೆಬಾಗಿಲಿಗೆ ತಂದಿತು. ಅಮೆರಿಕದ 1965ರ ಫೋರ್ಡ್ ಮಸ್ಟಾಂಗಿಗೆ ಹೆಚ್ಚಿಗೆ ಹಣ ಕೊಟ್ಟವರಿಗೆ ಮಾತ್ರ ಅದು ಸಿಗುತ್ತಿತ್ತು. ಹೀಗೆ ಕಂಪನಿಯವರೇ ಎರಡೂ ಬಗೆಯನ್ನು ಮಾಡಿದ ಗಾಡಿಗಳಲ್ಲಿ ಬದಲಾವಣೆ ಸುಲಭ. ಯಾವ ಭಾಗಕ್ಕೆ ಯಾವುದು ಹೊಂದುತ್ತದೆಂದು ಅವರೇ ಲೆಕ್ಕ ಹಾಕಿ ಇಟ್ಟಿದ್ದಾರೆ. ನಮ್ಮ ಫಿಯೆಟ್ಟಿನಂಥ ಗಾಡಿಗೆ ಆ ಲೆಕ್ಕವನ್ನು ನಾವೇ ಹಾಕಬೇಕು.

ಲೆಕ್ಕ ಹಾಕುವ ಮೊದಲು ಒಂದು ಭ್ರಮೆಯನ್ನು ಬಿಡಬೇಕು. ಡಿಸ್ಕು ಹಾಕಿಸಿದರೆ ಗಾಡಿ ಅರ್ಧ ದೂರದಲ್ಲಿಯೇ ನಿಂತುಬಿಡುತ್ತದೆಂದು ಬಹಳ ಜನ ತಿಳಿದಿದ್ದಾರೆ. ಹಾಗಾಗುವುದಿಲ್ಲ. ಕೊನೆಯಲ್ಲಿ ಗಾಡಿಯನ್ನು ನಿಲ್ಲಿಸುವುದು ರಸ್ತೆಗೂ ಟಯರಿಗೂ ಇರುವ ಹಿಡಿತ. ಚೆನ್ನಾಗಿರುವ ಡ್ರಮ್ ಬ್ರೇಕು ಕೂಡ ಗಟ್ಟಿಯಾಗಿ ಒತ್ತಿದರೆ ಚಕ್ರವನ್ನು ಪೂರ್ತಿ ಕಟ್ಟಿಹಾಕಬಲ್ಲದು. ಅದಕ್ಕಿಂತ ಹೆಚ್ಚಿಗೆ ಯಾವ ಡಿಸ್ಕೂ ಮಾಡಲಾರದು. ಮೇಲಾಗಿ, ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವುದಕ್ಕೆ ಒಂದು ಸೆಕೆಂಡು ಹಿಡಿದರೆ, 60 ಕಿಲೋಮೀಟರು ವೇಗದ ಗಾಡಿ ಅಷ್ಟರಲ್ಲಿ ಹದಿನಾರು ಮೀಟರಿಗಿಂತ ಹೆಚ್ಚು ದೂರ ಓಡಿಯಾಗಿರುತ್ತದೆ. ಅದಕ್ಕೆ ಡ್ರಮ್ಮೂ ಹೊಣೆಯಲ್ಲ, ಡಿಸ್ಕೂ ಹೊಣೆಯಲ್ಲ. ಡಿಸ್ಕಿನ ಪ್ರಯೋಜನ ಕಾಣುವುದು ಮೊದಲನೆಯ ಸಲ ಬ್ರೇಕು ಹಿಡಿದಾಗಲ್ಲ. ಇಪ್ಪತ್ತನೆಯ ಸಲ ಹಿಡಿದಾಗ, ಉದ್ದ ಘಾಟಿಯ ಕೊನೆಯಲ್ಲಿ, ಮಳೆಗಾಲದ ನೀರು ದಾಟಿದ ಮೇಲೆ.

2023ರಲ್ಲಿ ಮಾವನವರ ಮಗ ಪುಣೆಯಿಂದ ಬಂದು ಡಿಸ್ಕಿನ ಮಾತು ಎತ್ತಿದಾಗ ಮನೆಯಲ್ಲಿ ಒಂದು ವಿಚಾರಸಂಕಿರಣವೇ ನಡೆಯಿತು.

“ಎಂತಕ್ಕೋ ಅದೆಲ್ಲ? ಇಷ್ಟು ವರ್ಷ ಡ್ರಮ್ಮಿನ ಮೇಲೆಯೇ ಓಡಲಿಲ್ಲವೋ?” ಎಂದರು ಮಾವ.

“ಓಡಿದ್ದು ಹೌದು ಮಾವ. ನಿಲ್ಲುವುದರ ವಿಷಯ ಹೇಳಿ,” ಎಂದೆ.

“ಆ ಚರಂಡಿ ಇವರಿಗೆ ಮರೆತುಹೋಗಿರಬೇಕು,” ಎಂದು ಅಡುಗೆಮನೆಯಿಂದ ಅತ್ತೆಯವರು ಸೇರಿಸಿದರು. ಮೊಮ್ಮಗಳು ಆ ವರ್ಷ ಮೊದಲ ಸಲ ಊರಿಗೆ ಬರುವವಳಿದ್ದಳು. ಠರಾವು ಅಂಗೀಕಾರವಾಯಿತು.

ಎರಡೇ ದಿನದಲ್ಲಿ ಕೆಲಸ ಮುಗಿಸಿಕೊಡುವ ಒಂದು ಗ್ಯಾರೇಜು ಸಿಕ್ಕಿತು. ಅವರು ಬೇರೊಂದು ಗಾಡಿಯ ಡಿಸ್ಕು ಕ್ಯಾಲಿಪರುಗಳನ್ನು ತಂದು, ಲೇತಿನ ಮೇಲೆ ಬ್ರಾಕೆಟ್ ಮಾಡಿಸಿ, ಮುಂದಿನ ಎರಡೂ ಚಕ್ರಗಳಿಗೆ ಕೂರಿಸಿಕೊಟ್ಟರು. ನೋಡಲು ಬಲು ಅಂದ. ಓಡಿಸಿ ನೋಡಿದರೆ ಪೆಡಲು ಮುಕ್ಕಾಲು ಪಾಲು ಇಳಿಯುವವರೆಗೆ ಬ್ರೇಕೇ ಇಲ್ಲ. ಎರಡು ಸಲ ತುಳಿದರೆ ಉಂಟು. ದೂರು ಹೇಳಿದಾಗ ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರು. ಆಗ ಪೆಡಲು ಮೇಲೆ ನಿಂತಿತು, ಆದರೆ ಕಲ್ಲಿನಂತೆ ಗಟ್ಟಿ. ಮತ್ತೆ ದೂರು, ಮತ್ತೆ ಬೂಸ್ಟರ್. ಈಗ ಎಲ್ಲ ಸರಿಯೆಂದು ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಖಾಲಿ ಮೈದಾನದಲ್ಲಿ ಪರೀಕ್ಷಿಸಿದೆವು. ಒದ್ದೆ ನೆಲದ ಮೇಲೆ ಜೋರಾಗಿ ಬ್ರೇಕು ಹಿಡಿದೊಡನೆ ಹಿಂದಿನ ಚಕ್ರಗಳು ಕಟ್ಟಿಕೊಂಡು, ಬಾಲ ಒಂದು ಸುತ್ತು ಬಂದು, ಗಾಡಿ ಬಂದ ದಾರಿಯನ್ನೇ ನೋಡುತ್ತ ನಿಂತಿತು. ಮಾವ ಏನೂ ಮಾತನಾಡಲಿಲ್ಲ. ಮೆಲ್ಲನೆ ಮನೆಗೆ ತಂದು, ಕೀಲಿಯನ್ನು ಮೊಳೆಗೆ ತೂಗಿಹಾಕಿದರು.

ಆಮೇಲೆ ಅದನ್ನು ನೋಡಿದವರು ಟ್ಯಾಕ್ಸಿಗಳ ಮೇಲೆಯೇ ಕೈ ಪಳಗಿಸಿದ ಒಬ್ಬ ವಯಸ್ಸಾದ ಉಸ್ತಾದರು. ಗಾಡಿಯ ಕೆಳಗೆ ಅರ್ಧ ಗಂಟೆ ಮಲಗಿ ಎದ್ದು ಬಂದು, “ಸಾಹೇಬರೆ, ಇವರು ಬ್ರೇಕು ಹಾಕಿಲ್ಲ, ಡಿಸ್ಕು ಹಾಕಿದ್ದಾರೆ ಅಷ್ಟೆ,” ಎಂದು ತಮ್ಮ ಹಿಂದಿಯಲ್ಲಿ ಹೇಳಿದರು. ಈ ಇಡೀ ಬರಹದ ಸಾರ ಆ ಒಂದು ಮಾತಿನಲ್ಲಿದೆ. ನಮ್ಮ ಕಚೇರಿಯಲ್ಲಿ ಒಂದು ಮೇಜಿನ ಗುಮಾಸ್ತನನ್ನು ಬದಲಾಯಿಸಿ ಚುರುಕಿನವನನ್ನು ತಂದು ಕೂರಿಸಿದರೆ, ಮರುದಿನದಿಂದ ಮುಂದಿನ ಮೇಜಿನ ಮೇಲೆ ಕಡತಗಳು ಗುಡ್ಡೆ ಬೀಳುತ್ತವೆ. ಬ್ರೇಕಿನ ವ್ಯವಸ್ಥೆಯೂ ಹಾಗೆಯೇ: ಪೆಡಲಿನಿಂದ ಟಯರಿನವರೆಗೆ ಅದೊಂದೇ ಸಂಸಾರ. ಉಸ್ತಾದರು ಹೇಳಿಕೊಟ್ಟಂತೆ ಅದರ ವಿವರವನ್ನು ಇಲ್ಲಿ ಕೊಡುತ್ತೇನೆ. ಗಾಡಿಯಿರುವವರು ಈ ಪುಟವನ್ನು ಹರಿದಿಟ್ಟುಕೊಂಡರೂ ಸಂಪಾದಕರು ಬೇಸರಿಸಲಾರರು.

ಮೊದಲನೆಯದು ಮಾಸ್ಟರ್ ಸಿಲಿಂಡರ್. ಕ್ಯಾಲಿಪರಿನ ಪಿಸ್ಟನ್ನು ಡ್ರಮ್ಮಿನ ಪಿಸ್ಟನ್ನಿಗಿಂತ ಬಹಳ ದಪ್ಪ. ಅದನ್ನು ಚೂರು ಸರಿಸಲೂ ಹೆಚ್ಚು ಆಯಿಲು ಬೇಕು. ಹಳೆಯ ಸಿಲಿಂಡರ್ ಅಷ್ಟು ಒದಗಿಸಲಾರದೆ ಪೆಡಲು ಇಳಿಯುತ್ತದೆ. ಹಾಗೆಂದು ತೀರ ದೊಡ್ಡದು ಹಾಕಿದರೆ ಅದೇ ಕಾಲಿನ ಬಲಕ್ಕೆ ಒತ್ತಡ ಕಡಿಮೆಯಾಗಿ ಪೆಡಲು ಗಟ್ಟಿಯಾಗುತ್ತದೆ. ಎರಡರ ನಡುವೆ ಹದ ನೋಡಬೇಕು. ಇನ್ನೊಂದು ಮುಖ್ಯ ಸಂಗತಿ: ಮಾವನವರ ಗಾಡಿಯಂಥ ಹಳೆಯ ಗಾಡಿಗಳಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ಒಂದೇ ಆಯಿಲಿನ ಸಾಲು. ಎಲ್ಲಿಯಾದರೂ ಒಂದು ಹೋಸ್ ಪೈಪು ಒಡೆದರೆ ನಾಲ್ಕೂ ಬ್ರೇಕು ಹೋದಂತೆ. ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು ಎಂದು ಬೇರೆ ಬೇರೆ ಸಾಲು ಕೊಡುವ ಜೋಡಿ ಸಿಲಿಂಡರ್ ಹಾಕಿಸಿದರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಡಿಸ್ಕಿಗಿಂತಲೂ ಇದೇ ದೊಡ್ಡ ಲಾಭ.

ಎರಡನೆಯದು ಬೂಸ್ಟರ್. ಡಿಸ್ಕಿಗೆ ಆ ಬೆಣೆಯ ಗುಣವಿಲ್ಲ, ಒತ್ತಿದಷ್ಟೇ ಹಿಡಿತ. ಆದ್ದರಿಂದ ಎಂಜಿನ್ನಿನ ಎಳೆತದ ಬಲವನ್ನು ಬಳಸಿಕೊಂಡು ಕಾಲಿಗೆ ಸಹಾಯ ಮಾಡುವ ಬೂಸ್ಟರ್ ಬೇಕಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಪೆಟ್ರೋಲು ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ನು ಆರಿಸಿ ಗಾಡಿ ಉರುಳಿಸುವ ಅಭ್ಯಾಸ ಹಳೆಯ ಚಾಲಕರಲ್ಲಿ ಕೆಲವರಿಗಿದೆ. ಎಂಜಿನ್ನು ನಿಂತರೆ ಬೂಸ್ಟರಿನಲ್ಲಿ ಎರಡು ಮೂರು ಸಲ ತುಳಿಯುವಷ್ಟು ಬಲ ಮಾತ್ರ ಉಳಿದಿರುತ್ತದೆ. ಆಮೇಲೆ ಪೆಡಲು ಕಲ್ಲಾಗುತ್ತದೆ. ಆ ಅಭ್ಯಾಸವಿರುವವರು ಮೊದಲು ಅದನ್ನು ಬಿಡಲಿ, ಆಮೇಲೆ ಡಿಸ್ಕಿನ ವಿಚಾರ.

ಮೂರನೆಯದು ಹಿಂದು ಮುಂದಿನ ಪಾಲು. ಬ್ರೇಕು ಹಿಡಿದಾಗ ಗಾಡಿ ಮುಂದಕ್ಕೆ ಮುಗ್ಗರಿಸಿ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹಿಂದಿನ ಚಕ್ರಗಳು ಹಗುರವಾಗುತ್ತವೆ. ಡಿಸ್ಕಿಗೆಂದು ಒತ್ತಡವನ್ನು ಹೆಚ್ಚಿಸಿದಾಗ ಅದೇ ಒತ್ತಡ ಹಿಂದಿನ ಡ್ರಮ್ಮಿಗೂ ಹೋಗಿ, ಅವು ತಮ್ಮ ಬೆಣೆಯ ಗುಣದಿಂದ ಇನ್ನಷ್ಟು ಬಿಗಿದು ಕಟ್ಟಿಕೊಳ್ಳುತ್ತವೆ. ಮೈದಾನದಲ್ಲಿ ನಮಗೆ ಆದದ್ದು ಇದೇ. ಹಿಂದಿನ ಸಾಲಿನ ಒತ್ತಡವನ್ನು ಮಿತಿಗೊಳಿಸುವ ಒಂದು ವಾಲ್ವು ಇದಕ್ಕೆ ಪರಿಹಾರ. ಅನೇಕ ಹಳೆಯ ಡ್ರಮ್ ವ್ಯವಸ್ಥೆಗಳಲ್ಲಿ ಕೊಳವೆಯೊಳಗೆ ಸದಾ ತುಸು ಒತ್ತಡ ಉಳಿಸುವ ಇನ್ನೊಂದು ವಾಲ್ವೂ ಇರುತ್ತದೆ. ಡ್ರಮ್ಮಿನ ಸಿಲಿಂಡರಿಗೆ ಅದು ಹಿತ; ಡಿಸ್ಕಿನ ಸಾಲಿನಲ್ಲಿ ಉಳಿದರೆ ಪ್ಯಾಡು ತಟ್ಟೆಯನ್ನು ಬಿಡದೆ ಉಜ್ಜುತ್ತಲೇ ಇರುತ್ತದೆ. ಅದನ್ನು ನೋಡಿ ತೆಗೆಸಬೇಕು.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಕ್ಯಾಲಿಪರನ್ನು ಹಿಡಿದಿರುವ ಬ್ರಾಕೆಟಿನ ಮೇಲೆ ಗಾಡಿ ನಿಲ್ಲಿಸುವ ಬಲವೆಲ್ಲ ಬೀಳುತ್ತದೆ. ಚೂರು ಪಟ್ಟಿಗಳನ್ನು ವೆಲ್ಡ್ ಮಾಡಿ ಅಂಟಿಸಿದ್ದನ್ನು ನಂಬಬೇಡಿ. ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಕ್ಯಾಲಿಪರು ರಿಮ್ಮಿಗಾಗಲಿ ಹೋಸಿಗಾಗಲಿ ತಾಗದೆಂದು ಖಾತ್ರಿ ಮಾಡಿಕೊಳ್ಳಿ. ಹೋಸ್ ಪೈಪುಗಳೂ ಆಯಿಲೂ ಹೊಸವೇ ಆಗಿರಲಿ. ಎಂಜಿನ್ ಆಯಿಲನ್ನು ಇದಕ್ಕೆ ಎಂದೂ ಸುರಿಯಬಾರದು, ರಬ್ಬರ್ ಕಪ್ಪುಗಳು ಉಬ್ಬಿ ಕೆಡುತ್ತವೆ. ಹಿಂದಿನ ಚಕ್ರಗಳಿಗೆ ಡ್ರಮ್ಮೇ ಇರಲಿ. ಹ್ಯಾಂಡ್ ಬ್ರೇಕು ಅದರಲ್ಲಿದೆ, ಅಲ್ಲಿ ಬೀಳುವ ಕೆಲಸವೂ ಕಡಿಮೆ. ಹಳೆಯ ಶೂಗಳನ್ನು ಬಿಚ್ಚುವಾಗ ಧೂಳನ್ನು ಊದಬೇಡಿ. ಆ ಕಾಲದ ಲೈನರುಗಳಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರಸುವುದೇ ಕ್ಷೇಮ.

ಉಸ್ತಾದರು ಇಷ್ಟನ್ನೂ ಮಾಡಲು ಎರಡು ದಿನವಲ್ಲ, ಆರು ವಾರ ತೆಗೆದುಕೊಂಡರು. ಖರ್ಚು ಮಾವ ಅಂದಾಜು ಹಾಕಿದ್ದನ್ನು ಮೀರಿತು. ಬಿಚ್ಚಿದ ಹಳೆಯ ಡ್ರಮ್ಮು, ಶೂ, ಸಿಲಿಂಡರುಗಳಿಗೆಲ್ಲ ಎಣ್ಣೆ ಸವರಿ, ಚೀಟಿ ಅಂಟಿಸಿ, ಒಂದು ಟ್ರಂಕಿನಲ್ಲಿಟ್ಟು ಮಾವ ಮಂಚದ ಕೆಳಗೆ ಸೇರಿಸಿದ್ದಾರೆ. ಉಪ್ಪಿನಕಾಯಿ ಭರಣಿಯ ಜಾಗ ಹೋಯಿತೆಂದು ಅತ್ತೆಯವರಿಗೆ ಇನ್ನೂ ಅಸಮಾಧಾನವಿದೆ. ಆದರೆ ಮಾವ ಮಾಡಿದ್ದು ಸರಿ. ಮುಂದೆ ಗಾಡಿಯನ್ನು ಮೂಲರೂಪಕ್ಕೆ ತರಬೇಕೆಂದು ಯಾರಾದರೂ ಬಯಸಿದರೆ ದಾರಿ ತೆರೆದಿರಬೇಕು.

ಮೊಮ್ಮಗಳನ್ನು ಕೂರಿಸಿಕೊಳ್ಳುವ ಮೊದಲು ನಾವಿಬ್ಬರೇ ಲೋಣಾವಳಾಕ್ಕೆ ಹೋಗಿ, ಹಳೆಯ ರಸ್ತೆಯಿಂದ ಖೋಪೋಲಿಗೆ ಘಾಟಿ ಇಳಿದು ನೋಡಿದೆವು. ಅದು ಒಪ್ಪಿಗೆಯಾದ ಮೇಲೆ ಡಿಸೆಂಬರಿನಲ್ಲಿ ಎಲ್ಲರೂ ಸೇರಿ ಊರಿಗೆ ಹೊರಟೆವು. ಅರಬೈಲ್ ಘಾಟಿಯ ಬುಡಕ್ಕೆ ಬಂದು ನಿಲ್ಲಿಸಿದಾಗ ಮಾವನವರ ಅಭಿಪ್ರಾಯ ಕೇಳಿದೆ. “ಮೇಲಿನ ತಿರುವಿನಲ್ಲಿ ಎಂತ ವ್ಯತ್ಯಾಸವೂ ಗೊತ್ತಾಗಲಿಲ್ಲವೋ. ಡ್ರಮ್ಮೂ ಹೀಗೆಯೇ ಹಿಡಿಯುತ್ತಿತ್ತು. ಕೆಳಗಿನ ತಿರುವಿನಲ್ಲಿಯೂ ಅದೇ ಪೆಡಲು ಹಾಗೆಯೇ ಇತ್ತು ನೋಡು, ಅದು ಗೊತ್ತಾಯಿತು,” ಎಂದರು. ಅತ್ತೆಯವರು ಮಾತ್ರ ಈ ಸಲವೂ ಕಣ್ಣು ಮುಚ್ಚಿಯೇ ಕುಳಿತಿದ್ದರು. ಬ್ರೇಕು ಬದಲಾದರೂ ಅಭ್ಯಾಸ ಬದಲಾಗುವುದಿಲ್ಲ.

ಗುಮಾಸ್ತನಾದ ಕಾರಣ ಕಾಯಿದೆಯ ಮಾತನ್ನೂ ಹೇಳದಿರಲಾರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಬದಲಾಯಿಸುವಂತಿಲ್ಲ. ಬ್ರೇಕಿನ ಕೆಲಸಕ್ಕೆ ಕೈಹಾಕುವ ಮೊದಲು ನಿಮ್ಮ ಊರಿನ ಆರ್.ಟಿ.ಓ. ಕಚೇರಿಯಲ್ಲಿ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲಿಯೇ ಪಡೆಯಿರಿ. ವಿಮಾ ಕಂಪನಿಗೂ ಪತ್ರ ಬರೆದು ತಿಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಅಪಘಾತದ ಮರುದಿನ ಯಾರ ಬಾಯಲ್ಲೂ ಉಳಿಯುವುದಿಲ್ಲ. ಇನ್ನು 50 ವರ್ಷ ದಾಟಿದ ಗಾಡಿಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಅದಕ್ಕೆ ಗಾಡಿ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳನ್ನು ಮಾರ್ಪಡಿಸಿರಬಾರದು. ದಿನಬಳಕೆಗೆ ರಸ್ತೆಯಲ್ಲಿ ಓಡಿಸುವಂತೆಯೂ ಇಲ್ಲ. ಪ್ರದರ್ಶನಕ್ಕೆಂದೇ ಗಾಡಿ ಇಟ್ಟುಕೊಂಡವರು ಮೂಲ ಬ್ರೇಕನ್ನು ಮುಟ್ಟದಿರುವುದೇ ಲೇಸು.

ಹಾಗಾದರೆ ಪಂಕ್ತಿಯಲ್ಲಿ ಕೇಳಿದ ಹಿರಿಯರಿಗೆ ನನ್ನ ಉತ್ತರ ಹೀಗಿದೆ. ನಿಮ್ಮ ಗಾಡಿ ಭಾನುವಾರ ದೇವಸ್ಥಾನಕ್ಕೂ ತಿಂಗಳಿಗೊಮ್ಮೆ ಬಂಧುಗಳ ಮನೆಗೂ ಹೋಗಿಬರುವಂಥದಾದರೆ ಡಿಸ್ಕಿನ ಗೊಡವೆ ಬೇಡ. ಆ ಹಣದ ಒಂದು ಪಾಲಿನಲ್ಲಿ ಹೊಸ ಲೈನರ್, ಹೊಸ ರಬ್ಬರ್ ಕಪ್ಪು, ಹೊಸ ಹೋಸ್ ಪೈಪು, ಒಳ್ಳೆಯ ಟಯರು ಹಾಕಿಸಿ. ಡ್ರಮ್ಮು ಗೀರು ಬಿದ್ದಿದ್ದರೆ ಲೇತಿಗೆ ಕೊಡಿ. ಶೂಗಳ ಅಂತರವನ್ನು ಕಾಲಕಾಲಕ್ಕೆ ಸರಿಪಡಿಸಿ. ಎರಡು ವರ್ಷಕ್ಕೊಮ್ಮೆ ಆಯಿಲು ಬದಲಾಯಿಸಿ. ಬಹಳಷ್ಟು ಹಳೆಯ ಗಾಡಿಗಳು ನಿಲ್ಲದಿರುವುದು ಡ್ರಮ್ಮಿನ ದೋಷದಿಂದಲ್ಲ, ಆರೈಕೆಯ ಅಭಾವದಿಂದ. ಆದರೆ ಮನೆಮಂದಿಯನ್ನು ತುಂಬಿಕೊಂಡು ವರ್ಷಕ್ಕೆ ಎರಡು ಸಲ ಘಾಟಿ ಇಳಿಯುವವರಾದರೆ ನಿಮ್ಮ ಮಗನ ಮಾತಿನಲ್ಲಿ ಹುರುಳಿದೆ. ಹಾಕಿಸುವುದಾದರೆ ಪೂರ್ತಿ ಹಾಕಿಸಿ. ಅರ್ಧಕ್ಕೆ ನಿಲ್ಲಿಸುವುದಾದರೆ ಮುಟ್ಟಲೇಬೇಡಿ. ಅರ್ಧ ಡಿಸ್ಕಿಗಿಂತ ಇಡೀ ಡ್ರಮ್ಮು ಮೇಲು.

ಬ್ರೇಕು ಯಾವುದೇ ಇರಲಿ, ರಜೆಗೆ ಊರಿಗೆ ಹೊರಡುವವರು ಇಷ್ಟು ಪಾಲಿಸಿದರೆ ಸಾಕು. ಘಾಟಿಯನ್ನು ಹತ್ತಲು ಬೇಕಾಗುವ ಗೇರಿನಲ್ಲಿಯೇ ಇಳಿಯಿರಿ. ಗಾಡಿಯನ್ನು ತಡೆಯುವ ದೊಡ್ಡ ಪಾಲಿನ ಕೆಲಸವನ್ನು ಎಂಜಿನ್ನು ಮಾಡುತ್ತದೆ. ಪೆಡಲಿನ ಮೇಲೆ ಕಾಲನ್ನು ಊರಿಕೊಂಡೇ ಇರಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ಆಮೇಲೆ ಪೂರ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಕಾದ ಡ್ರಮ್ಮಿನ ಮೇಲೆ ನೀರು ಸುರಿಯಬೇಡಿ. ಪೆಡಲು ಇಳಿದುಹೋದರೆ ಬೇಗಬೇಗ ಹಲವು ಸಲ ತುಳಿಯಿರಿ, ಗೇರು ಇಳಿಸಿ, ಹ್ಯಾಂಡ್ ಬ್ರೇಕನ್ನು ಮೆಲ್ಲಮೆಲ್ಲನೆ ಎಳೆಯಿರಿ, ಗುಡ್ಡದ ಬದಿಗೆ ಸರಿಯಿರಿ. ಊರಿನಲ್ಲಿ ಕಾಯುತ್ತಿರುವವರಿಗೆ ನೀವು ಎಷ್ಟು ಗಂಟೆಗೆ ಬಂದಿರೆಂಬುದು ಮುಖ್ಯವಲ್ಲ.

ಎಲ್ಲ ಬಂಧುಗಳಿಗೂ ಪ್ರಯಾಣ ಸುಖಕರವಾಗಲಿ. ಮುಂದಿನ ಸಂಚಿಕೆಯಲ್ಲಿ, ಹಲವರು ಕೇಳಿರುವಂತೆ, ಗೋಡೆ ಗಡಿಯಾರ ಹಿಂದೆ ಬೀಳುವುದೇಕೆಂಬ ವಿಷಯವನ್ನು ನೋಡೋಣ.